ಆರು ಡಿಗ್ರಿ ಕೆಳಗಿನ ಸೂರ್ಯ

ಐದು ಐವತ್ತೆಂಟು, ಎಂದಿತು ಕಂಪ್ಯೂಟರಿನ ಕಪ್ಪು ಪರದೆ. ಅವನು ಸಾಲಿನ ಕೊನೆಯ ಆರನ್ನು ಅಳಿಸಿ ಮತ್ತೆ ಎಂಟರ್ ಒತ್ತಿದ. ಆರು ಇಪ್ಪತ್ತು.

ಒಂದೇ ಊರು, ಒಂದೇ ತಾರೀಖು, ಎರಡು ಬೆಳಗು. ಅಕ್ಷಾಂಶ, ರೇಖಾಂಶ, ದಿನ ಇಷ್ಟನ್ನು ಟೈಪು ಮಾಡಿದರೆ ಸೂರ್ಯನ ಅಂಚು ಮೂಡುವ ಹೊತ್ತನ್ನು ಅದು ಹೇಳುತ್ತಿತ್ತು. ಕೊನೆಗೊಂದು ಆರು ಸೇರಿಸಿದರೆ, ಸೂರ್ಯ ಇನ್ನೂ ಆರು ಡಿಗ್ರಿ ದಿಗಂತದ ಕೆಳಗಿರುವಾಗಿನ ಮಸುಕಿನ ಹೊತ್ತನ್ನು. ಕೇಳಿದ್ದಕ್ಕೆ ಉತ್ತರ. ಯಾಕೆ ಎಂದು ಅದು ಒಮ್ಮೆಯೂ ಕೇಳಿದ್ದಿಲ್ಲ. ಹನ್ನೊಂದು ವರ್ಷದಿಂದ ಅವನಿಗೆ ಅದರಲ್ಲಿ ಹಿಡಿಸಿದ್ದೂ ಆ ಗುಣವೇ. ಇವತ್ತು ಅದರ ಮುಖಕ್ಕೆ ಉಗಿಯಬೇಕೆನ್ನಿಸಿತು.

ಊರಿನ ಬೀದಿದೀಪಗಳೆಲ್ಲ ಹೊತ್ತುವುದೂ ಆರುವುದೂ ಅವನು ಮಾಡಿಕೊಟ್ಟ ಪಟ್ಟಿಯಂತೆ. ಕಳೆದ ವರ್ಷ ಮೇಲಧಿಕಾರಿ, ಕರೆಂಟು ಉಳಿಸಬೇಕು, ಬೆಳಿಗ್ಗೆ ಸ್ವಲ್ಪ ಬೇಗ ಆರಿಸಿ, ಸಂಜೆ ಸ್ವಲ್ಪ ತಡವಾಗಿ ಹೊತ್ತಿಸಿ ಎಂದಿದ್ದರು. ಅವನು ಆರು ಸೇರಿಸಿದ್ದ. ಪಟ್ಟಿಯ ನೆತ್ತಿಯ ಮೇಲಿದ್ದ ‘ಸೂರ್ಯೋದಯ’ ಎಂಬ ಶೀರ್ಷಿಕೆಯನ್ನು ಮಾತ್ರ ಬದಲಿಸಿರಲಿಲ್ಲ. ಮರೆವೋ ಸೋಮಾರಿತನವೋ. ಯಾರು ಓದುತ್ತಾರೆ?

ಈಗ ಓದುತ್ತಿದ್ದರು. ಮಂಗಳವಾರ ದೀಪ ಆರಿದ ಐದು ನಿಮಿಷಕ್ಕೆ, ಆರೂ ಮೂರಕ್ಕೆ, ರೈಲು ಸೇತುವೆಯ ಕೆಳಗೆ ರಸ್ತೆ ಗುಡಿಸುತ್ತಿದ್ದವಳಿಗೆ ಲಾರಿ ಬಡಿದು ಸೊಂಟ ಮುರಿದಿತ್ತು. ವಿಚಾರಣೆಯವರು ಒಂದೇ ಸಾಲು ಬರೆದು ಕಳಿಸಿದ್ದರು: ಅಂದಿನ ಸೂರ್ಯೋದಯದ ಸಮಯವನ್ನು ತಿಳಿಸುವುದು. ಸೂರ್ಯ ಹುಟ್ಟಿದ್ದರೆ ನೋಡದೆ ನಡುರಸ್ತೆಗೆ ಬಂದ ತಪ್ಪು ಅವಳದು, ಕೆಲಸ ಹೋಗುತ್ತದೆ. ಹುಟ್ಟಿರದಿದ್ದರೆ ತಪ್ಪು ಅವನದು, ಪಟ್ಟಿ ಮಾಡಿದವನದು.

“ಏನ್ರೀ ಪಂಚಾಂಗ, ಎಷ್ಟು ಬಂತು?” ಮೇಲಧಿಕಾರಿ ಬಾಗಿಲಲ್ಲಿ ನಿಂತಿದ್ದರು. ಕಚೇರಿಯಲ್ಲಿ ಅವನ ಹೆಸರೇ ಅದು.

“ಎರಡು ಬರುತ್ತೆ ಸಾರ್.”

“ಸೂರ್ಯ ಒಬ್ಬನೇ ಅಲ್ವೇನ್ರೀ?”

“ಆರು ಇಪ್ಪತ್ತು ಸಾರ್. ಐದು ಐವತ್ತೆಂಟು ಅನ್ನೋದು ಬರೀ ಮಸುಕು.”

“ಪಟ್ಟೀಲಿ ಏನಂತ ಬರ್ದಿದೀರಿ?”

ಅವನು ಮೇಜಿನ ಮೇಲಿದ್ದ ಪಟ್ಟಿಯನ್ನು ಮಗುಚಿಟ್ಟ.

“ಒಂದು ವರ್ಷದಿಂದ ಊರಿಗೆಲ್ಲ ಅದೇ ಸೂರ್ಯೋದಯ. ಮಂಗಳವಾರ ಮಾತ್ರ ಬೇರೆ ಸೂರ್ಯ ಹುಟ್ಟಿದ್ನಾ?”

“ನೀವು ಹೇಳಿದ್ದಕ್ಕೇ ಸಾರ್...”

“ದೀಪ ಬೇಗ ಆರಿಸಿ ಅಂದೆ. ಸೂರ್ಯನ್ನ ಬೇಗ ಹುಟ್ಟಿಸಿ ಅಂದ್ನಾ?” ತಮ್ಮ ಮಾತಿಗೆ ತಾವೇ ನಕ್ಕರು. “ಎರಡೂ ಪ್ರಿಂಟ್ ತಗೊಳ್ಳಿ. ನಾಳೆ ಹತ್ತಕ್ಕೆ ಒಂದಕ್ಕೆ ಸಹಿ ಹಾಕಿ ತನ್ನಿ. ಯಾವುದಕ್ಕೆ ಅಂತ ನಾನು ಹೇಳಲ್ಲಪ್ಪ. ನೀವು ಓದಿದೋರು.”

ಸಿಟ್ಟು ನಾಲಿಗೆಯವರೆಗೆ ಬಂತು. ಅಲ್ಲಿ ಅದು ‘ಆಯ್ತು ಸಾರ್’ ಆಯಿತು.

ಮಧ್ಯಾಹ್ನ ಕಿಟಕಿಯ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ಪೆಟ್ಟಾದವಳ ಅಕ್ಕನಂತೆ.

“ಸೂರ್ಯನ ಲೆಕ್ಕ ಬರಿಯೋರು ನೀವೇನಾ ಅಣ್ಣಾ?”

“ಕಚೇರಿಯಿಂದ ಪತ್ರ ಹೋಗುತ್ತೆ ಕಣಮ್ಮ.”

“ಅದಿರಲಿ. ಆ ಹೊತ್ತಲ್ಲಿ ಬೆಳಕಿತ್ತೋ ಇಲ್ವೋ? ಮೋಡ ಬೇರೆ. ಅವಳ ಕೈ ಅವಳಿಗೇ ಕಾಣ್ತಿರ್ಲಿಲ್ವಂತೆ.”

“ಮೋಡ ಲೆಕ್ಕಕ್ಕೆ ಬರಲ್ಲ.”

“ನೀವು ಎಷ್ಟೊತ್ತಿಗೆ ಏಳೋದು?”

“ಏಳಕ್ಕೆ.”

“ಹಂಗಾದ್ರೆ ಯಾವ್ದಾದ್ರೂ ಕೋಳೀನ ಕೇಳಿದ್ರೆ ಆಗ್ತಿತ್ತು.” ನಗಲಿಲ್ಲ. “ಇದ್ದದ್ದನ್ನ ಬರೀರಿ ಸಾಕು. ಬೇರೇನೂ ಕೇಳೋಕೆ ಬಂದಿಲ್ಲ.”

ಬೈದು ಹೋಗಿದ್ದರೆ ವಾಸಿಯಿತ್ತು. ಅವಳ ಬೆನ್ನನ್ನೇ ನೋಡುತ್ತ ಅವನಿಗೆ ಅವಳ ಮೇಲೇ ರೇಗಿತು. ಆ ತಂಗಿಯ ಮೇಲೂ. ಇಪ್ಪತ್ತು ನಿಮಿಷ ತಡವಾಗಿ ಗುಡಿಸಿದ್ದರೆ ಅವಳಪ್ಪನ ಗಂಟೇನು ಹೋಗುತ್ತಿತ್ತು? ಹೀಗೆಂದುಕೊಂಡ ಮೇಲೆ ಬೆಚ್ಚಿದ. ಆ ಮಾತು ಮೇಲಧಿಕಾರಿಯ ದನಿಯಲ್ಲಿತ್ತು.

ಹೆಂಡತಿಗೆ ಫೋನು ಮಾಡಿ ಎಲ್ಲ ಹೇಳಿದ.

“ಅವರಿಗೆ ಬೇಕಾದ್ದಕ್ಕೆ ಸಹಿ ಹಾಕಿ ಬಂದ್ಬಿಡಿ,” ಎಂದಳು. “ಅವಳಿಗೆ ಇದೊಂದೇ ಬೀದೀನಾ? ಅವಳು ಇನ್ನೆಲ್ಲಾದ್ರೂ ಗುಡಿಸ್ಕೋತಾಳೆ.”

“ಸೊಂಟ ಮುರ್ದಿದೆ.”

ಆ ಕಡೆ ಕುಕ್ಕರು ಕೂಗಿತು. “ಬರ್ತಾ ಹಾಲು ತನ್ನಿ.”

ಆರೂ ಹದಿನೆಂಟಕ್ಕೆ ಕಚೇರಿಯಿಂದ ಹೊರಬಿದ್ದ. ಸೂರ್ಯ ಮುಳುಗಿ ಹದಿಮೂರು ನಿಮಿಷ. ದೀಪಕ್ಕೆ ಇನ್ನೂ ಒಂಬತ್ತು. ಮೋಡ ದಟ್ಟವಾಗಿ ಕವಿದು ರಸ್ತೆ ಇದ್ದಿಲಿನ ಬಣ್ಣವಾಗಿತ್ತು. ಜನ ಒಬ್ಬರಿಗೊಬ್ಬರು ತಾಗುತ್ತ ಹೋಗುತ್ತಿದ್ದರು. ಯಾರೂ ತಲೆಯೆತ್ತಿ ಕಂಬವನ್ನು ನೋಡಲಿಲ್ಲ. ಒಂದು ವರ್ಷದಲ್ಲಿ ಊರು ಇದಕ್ಕೂ ಒಗ್ಗಿತ್ತು. ಅವರೆಲ್ಲರ ಕೆನ್ನೆಗೂ ಬಾರಿಸಬೇಕೆನ್ನಿಸಿತು.

ಸೇತುವೆಯ ಕೆಳಗೆ ಇಳಿದಾಗ ಕತ್ತಲು ಗೋಡೆಯಂತೆ ಎದುರಾಯಿತು. ಜೇಬಿನಿಂದ ಸಹಿಯಿಲ್ಲದ ಎರಡೂ ಪ್ರಿಂಟ್ ತೆಗೆದ. ಕಣ್ಣಿಗೆ ಹತ್ತಿರ ಹಿಡಿದ. ಯಾವುದು ಯಾವುದೆಂದು ತಿಳಿಯಲಿಲ್ಲ. ಹರಿಯುವುದಾದರೂ ಯಾವುದನ್ನು? ಗೋಡೆಗೆ ಒತ್ತಿಕೊಂಡು ನಿಂತ.

ಸರ್, ಸರ್ ಎಂದು ಪೊರಕೆಯ ಸದ್ದು ಹತ್ತಿರ ಬಂತು. ಸಂಜೆಪಾಳಿಯ ಇನ್ನೊಬ್ಬ ಗುಡಿಸುವವಳು ಸೊಂಟ ಬಾಗಿಸಿಕೊಂಡು ಬರುತ್ತಿರಬೇಕು. ಮುಖ ಕಾಣಲಿಲ್ಲ. ಪೊರಕೆ ಅವನ ಬೂಟಿಗೆ ತಾಗಿ ನಿಂತಿತು. ಮತ್ತೊಮ್ಮೆ ಎಳೆಯಿತು.

“ಯಾವನಪ್ಪಾ ಈ ಕಸಾನ ಇಲ್ಲಿ ತಂದು ಸುರಿದೋನು,” ಎಂದಿತು ಹೆಂಗಸಿನ ದನಿ, ತನ್ನಷ್ಟಕ್ಕೆ.

ಕಾಲು ತೆಗೆಯಬಹುದಿತ್ತು. ಒಂದು ಮಾತಾಡಿದ್ದರೂ ಸಾಕಿತ್ತು. ಅವನು ಉಸಿರು ಬಿಗಿಹಿಡಿದ. ಪೊರಕೆ ಮತ್ತೆ ಬಂದು ಅವನ ಎರಡೂ ಪಾದಗಳನ್ನು ಒಟ್ಟಿಗೆ ಸೇರಿಸಿ, ಜೋರಾಗಿ, ಮೋರಿಯ ಕಡೆಗೆ ನೂಕತೊಡಗಿತು.