ಮರಿ ಕಾಯುವ ಮೀನು

ಭಾನುವಾರ ಬೆಳಿಗ್ಗೆ ನಾನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಗಾಳಗಳ ಮುಳ್ಳು ಮಡಿಸುತ್ತಿದ್ದೆ. ಗಾಳದ ತುದಿಯ ಒಳಮಗ್ಗುಲಿನಲ್ಲಿ ಸಣ್ಣದೊಂದು ಎದುರುಮುಳ್ಳು ಇರುತ್ತದೆ. ಅದು ಇದ್ದರೆ ಮೀನಿನ ಬಾಯಿಂದ ಗಾಳ ಕೀಳುವಾಗ ತುಟಿ ಹರಿಯುತ್ತದೆ. ಕಟಿಂಗ್ ಪ್ಲೇಯರಿನಲ್ಲಿ ಒತ್ತಿ ಅದನ್ನು ಚಪ್ಪಟೆ ಮಾಡಿ, ಒಂದು ಚೂರು ಹತ್ತಿಯ ಮೇಲೆ ಎಳೆದು ನೋಡಬೇಕು. ಹತ್ತಿ ಸಿಕ್ಕಿಕೊಳ್ಳದೆ ಗಾಳ ಜಾರಿ ಬಂದರೆ ಸರಿಯಾಯಿತು. ಪಕ್ಕದಲ್ಲಿ ಅತ್ತಿಗೆ ಪಾತ್ರೆ ಬೆಳಗುತ್ತಿದ್ದಳು.

ಮುಳ್ಳು ಮಡಿಸುವ ಪದ್ಧತಿ ನಮ್ಮಣ್ಣ ಬಾಲರಾಜು ತಂದದ್ದು. ಅವನ ಫೋನಿನಲ್ಲಿ ಮೀನು ಹಿಡಿಯುವವರದೊಂದು ವಾಟ್ಸಾಪ್ ಗ್ರೂಪು ಇತ್ತು. ಹಿಡಿದ ಮೀನನ್ನು ಫೋಟೋ ತೆಗೆದು ವಾಪಸು ನೀರಿಗೆ ಬಿಡಬೇಕು ಎನ್ನುವುದು ಆ ಗ್ರೂಪಿನ ಕಟ್ಟಳೆ. ಅಣ್ಣ ಅದನ್ನು ಟೀ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೂಡ ಹೇಳುತ್ತಿದ್ದ. "ತಿನ್ನಕ್ಕೆ ಹಿಡಿಯೋರು ಬೇರೆ ಕಣ್ರೀ, ನಾವು ಬೇರೆ" ಎನ್ನುತ್ತಿದ್ದ. ಹಾಗೆ ಹೇಳುವಾಗ ಅವನ ಬೆನ್ನು ನೆಟ್ಟಗಾಗುತ್ತಿತ್ತು. ನನಗೆ ಅದು ಇಷ್ಟವಾಗುತ್ತಿತ್ತು.

ಕೊಡಿಗೇಹಳ್ಳಿಯಲ್ಲಿ ನಮ್ಮದು ಹಳೇ ಮನೆ, ಎರಡೂ ಕಡೆ ನಾಲ್ಕಂತಸ್ತಿನ ಕಟ್ಟಡಗಳ ನಡುವೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಅಲ್ಲಿಂದ ಸ್ಕೂಲು ನಿಂತಿತು. ಅಣ್ಣನಿಗೆ ಸೈಟು ತೋರಿಸುವ ಕೆಲಸ. ಭಾನುವಾರಗಳಲ್ಲಿ ಅವನೂ ಅವನ ಸ್ನೇಹಿತ ಮುನೀಂದ್ರಣ್ಣನೂ ಅಟ್ಟೂರಿನಾಚೆ ಇರುವ ಕಲ್ಲುಕ್ವಾರಿಯ ಹೊಂಡಕ್ಕೆ ಮೀನು ಹಿಡಿಯಲು ಹೋಗುತ್ತಿದ್ದರು. ನನ್ನನ್ನು ಕರೆದೊಯ್ಯುತ್ತಿದ್ದುದು ದಾರದ ಸಿಕ್ಕು ಬಿಡಿಸುವುದಕ್ಕೆ. ಅವರಿಬ್ಬರಿಗೂ ತಾಳ್ಮೆಯಿಲ್ಲ. ಸಿಕ್ಕಾದರೆ ಕತ್ತರಿ ಹಾಕಿಬಿಡುತ್ತಿದ್ದರು.

ಮುನೀಂದ್ರಣ್ಣ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದ. ಹೋದ ವರ್ಷ ಒಬ್ಬ ವಯಸ್ಸಾದ ಅಮೆರಿಕದವನು ಊರಿಗೆ ಹೊರಟವನು, ಲಗೇಜು ತೂಕ ಜಾಸ್ತಿಯಾಯಿತೆಂದು ಒಂದು ಡಬ್ಬಿಯನ್ನು ಇವನ ಕೈಗೆ ಕೊಟ್ಟು ಹೋಗಿದ್ದ. ಅದರೊಳಗೆ ಮರದಲ್ಲಿ ಮಾಡಿದ ಮೂರು ದೊಡ್ಡ ಮೀನುಬೊಂಬೆಗಳು, ಹೊಟ್ಟೆಯ ಕೆಳಗೆ ಮೂರು ಮೂರು ಕೊಕ್ಕೆಯ ಗಾಳ. ನೀರಿನಲ್ಲಿ ಮೀನಿನ ಹಾಗೆ ಜಾರಾಡುವ ಎರೆ, ಗ್ಲೈಡ್ ಬೇಟ್ ಅಂತ ಅದರ ಹೆಸರು.

"ಆ ಕಡೆ ಮಸ್ಕಿ ಅಂತ ಒಂದ್ ಮೀನೈತಂತೆ ಗುರು" ಎಂದು ಮುನೀಂದ್ರಣ್ಣ ಹೇಳಿದ್ದ. "ಉದ್ದ ಮೂತಿ, ಬಾಯ್ತುಂಬ ಅಲ್ಲು. ಸಾವ್ರ ಸಲ ಎಸುದ್ರೆ ಒಂದ್ಸಲ ಕಚ್ತದಂತೆ."

"ನಮ್ ಸೊಣ್ಣಪ್ಪ ಇದ್ದಂಗೆ ಅನ್ನು" ಎಂದು ಅಣ್ಣ ನಕ್ಕಿದ್ದ.

ಸೊಣ್ಣಪ್ಪ ಆ ಕ್ವಾರಿಯ ಜಮೀನಿನ ಯಜಮಾನ. ಅಲ್ಲಿ ಲೇಔಟ್ ಮಾಡಿಸುವ ಯೋಚನೆಯಲ್ಲಿದ್ದ. ಸೈಟು ಮಾರುವ ಕೆಲಸ ತನಗೇ ವಹಿಸಲಿ ಎಂದು ಅಣ್ಣ ಅವನ ಹಿಂದೆ ಸುತ್ತುತ್ತಿದ್ದ. ಅವನು ಹೂಂ ಅನ್ನುತ್ತಲೂ ಇರಲಿಲ್ಲ, ಊಹೂಂ ಅನ್ನುತ್ತಲೂ ಇರಲಿಲ್ಲ.

ಆ ಬೊಂಬೆಗಳು ಅಣ್ಣನ ಕೈಗೆ ಒಗ್ಗಲಿಲ್ಲ. ಎಸೆದು ಸುಮ್ಮನೆ ರೀಲು ಸುತ್ತುತ್ತಿದ್ದ. ಬೊಂಬೆ ಸೌದೆ ತುಂಡಿನ ಹಾಗೆ ನೆಟ್ಟಗೆ ಎಳೆದುಕೊಂಡು ಬರುತ್ತಿತ್ತು. ನಾನು ಮನೆಯಲ್ಲಿ ಅವನ ಫೋನಿನಲ್ಲಿ ವಿಡಿಯೋ ನೋಡಿದೆ. ಅವರ ಮಾತು ನನಗೆ ತಿಳಿಯದು, ಅದಕ್ಕೇ ಕೈಗಳನ್ನು ಮಾತ್ರ ನೋಡಿದೆ. ರಾಡಿನ ತುದಿ ನೀರಿನ ಕಡೆ ಬಗ್ಗಿರುತ್ತದೆ. ಮಣಿಕಟ್ಟಿನಿಂದ ಚಿಕ್ಕದೊಂದು ಜಗ್ಗು. ಆಮೇಲೆ, ಇದೇ ಮುಖ್ಯ, ತುದಿಯನ್ನು ಬೊಂಬೆಯ ಕಡೆಗೇ ವಾಪಸು ಕೊಟ್ಟು ದಾರ ಸಡಿಲ ಬಿಡಬೇಕು. ಸಡಿಲ ಸಿಕ್ಕರೆ ಬೊಂಬೆ ಮಗ್ಗುಲಾಗಿ ದೂರ ಜಾರುತ್ತದೆ. ಇನ್ನೊಂದು ಜಗ್ಗಿಗೆ ಈಚೆ ಮಗ್ಗುಲಿಗೆ ಜಾರುತ್ತದೆ. ಬಿಗಿ ಹಿಡಿದವನಿಗೆ ಅದು ಏನನ್ನೂ ಆಡಿ ತೋರಿಸುವುದಿಲ್ಲ.

ಗಂಡಸರು ಊಟ ಮಾಡಿ ಟವೆಲ್ ಹಾಸಿ ಮಲಗುವ ಹೊತ್ತಿನಲ್ಲಿ ನಾನು ಒಂದೊಂದನ್ನೇ ಎಸೆದು ನೋಡಿದೆ. ಬೆಳ್ಳಿ ಬಣ್ಣದ್ದು ಭಾರ, ಬಿದ್ದ ಕೂಡಲೇ ತಳ ಸೇರುತ್ತದೆ, ಜಾರುವುದು ಎರಡು ಬೆರಳಿನಷ್ಟು. ಹಳದಿಯದು ಮುಳುಗುವುದೇ ಇಲ್ಲ. ಮೂರನೆಯದು ಎಲ್ಲಕ್ಕಿಂತ ಚಿಕ್ಕದು, ಬಣ್ಣ ಹೋಗಿ ಕಂದುಗಟ್ಟಿದ್ದು. ಹಿಂದಿನ ಗಾಳ ಬಿಚ್ಚಿ ಸಣ್ಣದು ಹಾಕಿದ ಮೇಲೆ ಅದು ಎಲೆ ಇಳಿದಂತೆ ನಿಧಾನಕ್ಕೆ ಇಳಿಯಿತು, ತೋಳಿನಷ್ಟು ಅಗಲಕ್ಕೆ ಆ ಕಡೆ ಈ ಕಡೆ ಹೋಯಿತು. ಕ್ವಾರಿಯ ನೀರು ತಿಳಿ. ಮೇಲಿನ ಬಂಡೆಯ ಮೇಲೆ ನಿಂತರೆ ಎಲ್ಲ ಕಾಣುತ್ತದೆ. ಒಂದು ದಿನ ಮುನೀಂದ್ರಣ್ಣ ಎದ್ದು ನೋಡಿಬಿಟ್ಟ.

"ಲೋ ಬಾಲ, ಎದ್ದೇಳೋ! ನಿನ್ ತಂಗಿ ಮರದ್ ತುಂಡ್ಗೆ ಜೀವ ಕೊಟ್ಟವ್ಳೆ!"

ಅಂದಿನಿಂದ ಆ ಕಂದು ಬೊಂಬೆ ನನ್ನದಾಯಿತು. ಏಳೆಂಟು ಮೀನು ಬಂದವು. ಎಲ್ಲವನ್ನೂ ಅಣ್ಣ ಹಿಡಿದು ನಿಂತು ಫೋಟೋ ತೆಗೆಸಿಕೊಂಡ, ಎಲ್ಲವನ್ನೂ ವಾಪಸು ಬಿಟ್ಟ. ಮೀನು ಅವನ ಅಂಗೈಯಿಂದ ಜಾರಿ ನೀರಿನೊಳಗೆ ಹೋಗುವುದನ್ನು ನೋಡುವುದೇ ನನಗೆ ಸಾಕಾಗಿತ್ತು.

ಆ ಭಾನುವಾರ ಆಷಾಢದ ಕೊನೆಯ ಭಾನುವಾರ. ನಾವು ಹೋದಾಗ ಹೊಂಡದ ಒಂದು ಮೂಲೆಯಲ್ಲಿ ನೀರು ಸಣ್ಣಗೆ ಕುದಿಯುತ್ತಿರುವ ಹಾಗಿತ್ತು. ಬಂಡೆ ಹತ್ತಿ ನೋಡಿದೆ. ಕೆಂಪು ಮರಿಗಳು. ರಾಗಿ ಪೈರಿನ ಬುಡದ ಇರುವೆಗಳ ಹಾಗೆ ನೂರಾರು ಒಟ್ಟೊಟ್ಟಿಗೆ ಮೇಲೆದ್ದು ಗಾಳಿ ಕುಡಿದು ಇಳಿಯುತ್ತಿದ್ದವು. ಅವುಗಳ ಕೆಳಗೆ ಕಪ್ಪಗೆ ನನ್ನ ತೋಳುದ್ದದ ಕೊರಮೀನು. ಕೊರಮೀನು ಮರಿಗಳನ್ನು ಬಿಟ್ಟು ಕದಲುವುದಿಲ್ಲ. ಮರಿ ತಿನ್ನಲು ಸುತ್ತ ಜಿಲೇಬಿ ಮೀನುಗಳು ಹೊಂಚು ಹಾಕಿರುತ್ತವೆ. ಜೋಡಿಯಾಗಿ ಕಾಯುವ ಇನ್ನೊಂದು ಮೀನು ಎಲ್ಲೂ ಕಾಣಲಿಲ್ಲ, ಇದ್ದದ್ದು ಅದೊಂದೇ.

ಅಣ್ಣ ಕಪ್ಪೆಬೊಂಬೆ ಎಸೆದ, ಚಮಚದಂಥ ಗಾಳ ಎಸೆದ. ಮೀನು ತಲೆ ತಿರುಗಿಸಿ ನೋಡಿ ಮತ್ತೆ ಮರಿಗಳ ಕೆಳಗೆ ನಿಂತಿತು.

"ಕಲಾ, ನೀನೊಂದ್ ಕೈ ನೋಡವ್ವ" ಎಂದ.

"ಬ್ಯಾಡಣ್ಣ. ಮರಿ ಕಾಯ್ತೈತೆ."

"ಒಂದ್ ನಿಮಿಷ ಕಣೇ. ಫೋಟೋ ತೆಗ್ದು ಅಲ್ಲೇ ಬಿಡ್ತೀನಿ. ಅಷ್ಟರಾಗೆ ಮರಿ ಎಲ್ಲಿಗೋಗ್ತವೆ?"

"ಬ್ಯಾಡ."

"ಅಮ್ಮನಾಣೆ. ಬಿಟ್ಬಿಡ್ತೀನಿ."

ಅವನು ಅಮ್ಮನ ಹೆಸರನ್ನು ಸುಮ್ಮಸುಮ್ಮನೆ ತೆಗೆಯುವವನಲ್ಲ. ನಾನು ರಾಡು ತೆಗೆದುಕೊಂಡೆ.

ಮರಿಗಳ ಮೇಲೆ ಎಸೆಯಬಾರದು, ಬೆದರುತ್ತವೆ. ಆಚೆಗೆ ಎಸೆದು, ಮುಳುಗಲು ಬಿಟ್ಟು, ಮೆಲ್ಲಗೆ ಅವುಗಳ ಅಂಚಿಗೆ ತಂದೆ. ಜಗ್ಗಿದೆ, ಸಡಿಲ ಬಿಟ್ಟೆ. ಬೊಂಬೆ ಮರಿಗಳ ಕಡೆ ಜಾರಿತು. ಜಗ್ಗಿದೆ, ಬಿಟ್ಟೆ. ಆಚೆ ಹೋಯಿತು. ಮೀನು ಮುಂದೆ ಬಂದು ಅಡ್ಡ ನಿಂತಿತು. ಅದಕ್ಕೆ ಹಸಿವಿರಲಿಲ್ಲ. ದೂರ ಹೋಗು ಎನ್ನುವ ಹಾಗೆ ಕಿವಿರು ಅಗಲಿಸಿತು. ಮೂರನೇ ಸಲ ಬೊಂಬೆಯನ್ನು ಅದರ ಮೂತಿಯ ಮುಂದೆ ಅಲುಗಿಸದೆ ಬಿಟ್ಟೆ. ಸಡಿಲವಾಗಿದ್ದ ದಾರ ಒಮ್ಮೆಲೇ ನೆಟ್ಟಗಾಯಿತು.

"ಬಿಡ್ಬ್ಯಾಡ! ಬಿಡ್ಬ್ಯಾಡ ಕಲಾ!" ಮುನೀಂದ್ರಣ್ಣ ಬಂಡೆಯ ಮೇಲೆ ಕುಣಿದ.

ದಡಕ್ಕೆ ತಂದಾಗ ಗಾಳ ಬಾಯಿಯ ಮೂಲೆಯಲ್ಲಿತ್ತು, ಬೆರಳು ತಾಕಿಸಿದ್ದೇ ಬಿಚ್ಚಿಕೊಂಡಿತು. ಅಣ್ಣ ಮೀನನ್ನು ಎರಡೂ ಕೈಯಲ್ಲಿ ಎತ್ತಿ ಹಲ್ಲು ಕಿರಿದ. ಮುನೀಂದ್ರಣ್ಣ ಫೋಟೋ ತೆಗೆದ. ನಾನು ಬೊಗಸೆಯಲ್ಲಿ ನೀರು ತಂದು ಅದರ ಮೈಮೇಲೆ ಹಾಕಿದೆ. "ಸಾಕಣ್ಣ, ಬಿಡು" ಎಂದೆ.

ಆಗ ಮೇಲಿನಿಂದ ಕೆಮ್ಮು ಕೇಳಿಸಿತು. ಸೊಣ್ಣಪ್ಪ, ಬಿಳಿ ಪಂಚೆ ಎತ್ತಿ ಕಟ್ಟಿಕೊಂಡು, ಇಳಿಜಾರಿನಲ್ಲಿ ಇಳಿದು ಬರುತ್ತಿದ್ದ.

"ಅಬ್ಬಬ್ಬ, ಏನ್ಲಾ ಬಾಲ, ನಮ್ ವೊಂಡದಾಗೆ ಇಂಥ ಮೀನೈತಾ? ನಿನ್ ತಂಗಿ ಇಡುದ್ಲಾ?"

"ಇಲ್ಲ ಯಜಮಾನ್ರೇ, ನಾನೇ" ಎಂದ ಅಣ್ಣ.

ಮುನೀಂದ್ರಣ್ಣ ನನ್ನ ಮುಖ ನೋಡಿ ತನ್ನ ಚಪ್ಪಲಿ ನೋಡಿಕೊಂಡ.

ಸೊಣ್ಣಪ್ಪ ಮೀನಿನ ಬೆನ್ನನ್ನು ಎರಡು ಬೆರಳಲ್ಲಿ ಒತ್ತಿದ. "ಒಳ್ಳೆ ಮಾಂಸ. ಶ್ರಾವಣ ಬಂದ್ರೆ ತಿಂಗ್ಳು ಬಾಯ್ ಕಟ್ಕಬೇಕು. ಉಣಸೇಹಣ್ ಇಂಡಿ, ಬೆಳ್ಳುಳ್ಳಿ ಜಾಸ್ತಿ ಆಕಿ ಸಾರ್ ಮಾಡ್ಸು. ಸಾಯಂಕಾಲ ನಿಮ್ಮನೆಗೇ ಬತ್ತೀನಿ. ಆ ಲೇಔಟ್ ಮಾತೂ ಆಡಾನ."

ಅಣ್ಣ ಏನಾದರೂ ಹೇಳುತ್ತಾನೆಂದು ನಾನು ಕಾದೆ. ಟೀ ಅಂಗಡಿಯಲ್ಲಿ ಹೇಳುತ್ತಿದ್ದ ಮಾತು ಅವನಿಗೆ ಬಾಯಿಪಾಠವಾಗಿತ್ತು. ಅದನ್ನೇ ಇಲ್ಲಿ ಹೇಳಬಹುದಿತ್ತು.

"ಆಗ್ಲಿ ಯಜಮಾನ್ರೇ. ನಮ್ ಭಾಗ್ಯ" ಎಂದ.

ಸೊಣ್ಣಪ್ಪ ಇಳಿಜಾರು ಹತ್ತಿ ಮರೆಯಾದ ಮೇಲೆ ಮುನೀಂದ್ರಣ್ಣ ಮೆತ್ತಗೆ, "ಗುರು, ಗ್ರೂಪ್‌ನಾಗೆ ಏನ್ ಹೇಳ್ತೀಯ?" ಎಂದ.

"ಸುಮ್ನಿರು ಮಗಾ. ಗ್ರೂಪ್‌ನೋರು ಬಂದ್ ನಂಗೆ ಲೇಔಟ್ ಕೊಡುಸ್ತಾರಾ?"

"ಅಣ್ಣ, ನೀನು ಅಮ್ಮನಾಣೆ ಮಾಡಿದ್ದೆ" ಎಂದೆ.

ಅವನು ಗೋಣಿಚೀಲ ಒದ್ದೆ ಮಾಡುತ್ತಿದ್ದವನು ನನ್ನ ಕಡೆ ತಿರುಗಲಿಲ್ಲ. "ಅಮ್ಮಂಗೆ ಕೊರಮೀನ್ ಸಾರು ಅಂದ್ರೆ ಪ್ರಾಣ. ಅವ್ಳೇನ್ ಬೇಜಾರ್ ಮಾಡ್ಕಳಲ್ಲ ಬಿಡು" ಎಂದು ನಕ್ಕ.

ಮುನೀಂದ್ರಣ್ಣನೂ ಸ್ವಲ್ಪ ತಡೆದು ನಕ್ಕ. ನಾನು ಬಂಡೆಯ ಮೇಲಿನಿಂದ ಮೂಲೆಯನ್ನು ನೋಡಿದೆ. ಮರಿಗಳ ಗುಂಪು ಚದುರಿತ್ತು. ಅಲ್ಲಲ್ಲಿ ನೀರಿನ ಮೇಲೆ ಟಪ್ ಟಪ್ ಎಂದು ಸಣ್ಣ ಗುಳಿಗಳು ಬೀಳುತ್ತಿದ್ದವು. ಜಿಲೇಬಿಗಳು ಬಂದುಬಿಟ್ಟಿದ್ದವು. ಅಷ್ಟೂ ಮರಿಗಳನ್ನು ತಿನ್ನುವುದಕ್ಕೆ ಅವಕ್ಕೂ ಹೊತ್ತು ಬೇಕು. ಅದನ್ನೇ ಯೋಚಿಸುತ್ತ ಬೈಕು ಹತ್ತಿದೆ. ಗೋಣಿಚೀಲ ನನ್ನ ತೊಡೆಯ ಮೇಲಿತ್ತು. ಅಟ್ಟೂರಿನಿಂದ ಕೊಡಿಗೇಹಳ್ಳಿಯವರೆಗೂ ಅದು ಆಗಾಗ ಒದೆಯುತ್ತಿತ್ತು.

ಕೊರಮೀನು ನೀರಿನಾಚೆಯೂ ಗಾಳಿ ಕುಡಿದು ಬದುಕುತ್ತದೆ. ಮನೆಗೆ ಬಂದು ಬಕೀಟಿನ ನೀರಿಗೆ ಬಿಟ್ಟಾಗ ಅದು ಒಮ್ಮೆ ಸುತ್ತಿ, ಬಕೀಟಿನ ಗೋಡೆಗೆ ಮೂತಿ ಹಚ್ಚಿ ನಿಂತಿತು. ಹಾರದಿರಲೆಂದು ಅತ್ತಿಗೆ ಮೇಲೆ ತಟ್ಟೆ ಮುಚ್ಚಿ ರುಬ್ಬುಗುಂಡು ಇಟ್ಟಳು.

"ಭಾನುವಾರನೂ ನಂಗೆ ಒಲೆ ತಪ್ಪಲ್ಲ" ಎಂದು ಗೊಣಗಿದಳು. "ಆ ಸೊಣ್ಣಪ್ಪಂಗೆ ಅವನ್ ಮನೇಲಿ ಯಾರೂ ಅಡ್ಗೆ ಮಾಡಾಕಿಲ್ವಾ? ಲೇ ಕಲಾ, ಏನ್ ಗೂಬೆ ಥರ ಕೂತಿದೀಯ? ಬೂದಿ ತಗೊಂಬಾ. ಲೋಳೆ ಹೋಗಂಗೆ ಉಜ್ಬೇಕು."

ಬೂದಿ ತರಲು ಎದ್ದವಳು ನಡುಮನೆಯಲ್ಲಿ ನಿಂತೆ. ಅಣ್ಣನ ಫೋನು ಟಿಂಗ್ ಟಿಂಗ್ ಅನ್ನುತ್ತಿತ್ತು. ಅವನು ಅದನ್ನು ಸ್ಟೂಲಿನ ಮೇಲಿಟ್ಟು ಶರ್ಟು ಬದಲಾಯಿಸುತ್ತಿದ್ದ. ಗ್ರೂಪಿಗೆ ಫೋಟೋ ಹಾಕಿದ್ದ. ಮೀನು ಅವನ ಕೈಯಲ್ಲಿ, ಅಂಚಿನಲ್ಲಿ ನೀರು ಹಿಡಿದ ನನ್ನ ಬೊಗಸೆ, ಮುಖವಿಲ್ಲ. ಕೆಳಗೆ ಅವನೇ ಬರೆದಿದ್ದ: ತಾಯಿ ಮೀನು, ಮರಿಗಳ ಹತ್ತಿರವೇ ಸುರಕ್ಷಿತವಾಗಿ ಬಿಟ್ಟೆವು. ಅದರ ಕೆಳಗೆ ಸಾಲುಗಟ್ಟಿ ಹೆಬ್ಬೆರಳುಗಳು, ಕೈಮುಗಿದ ಚಿತ್ರಗಳು. ಯಾರೋ ಒಬ್ಬರು, ನಿಮ್ಮಂಥವರಿಂದಲೇ ಕೆರೆಗಳು ಉಳಿದಿವೆ ಸಾರ್ ಎಂದು ಬರೆದಿದ್ದರು. ಮುನೀಂದ್ರಣ್ಣನೂ ಒಂದು ಹೆಬ್ಬೆರಳು ಹಾಕಿದ್ದ.

ನಾನು ಎರಡು ಸಲ ಓದಿದೆ. ಅವನು ಸುಳ್ಳು ಹೇಳುತ್ತಾನೆಂಬುದು ಹೊಸದಲ್ಲ, ಸೈಟು ತೋರಿಸುವವರು ಹೇಳಲೇಬೇಕು. ಆದರೆ ತಾಯಿ ಮೀನು ಎಂದು ಬರೆಯುವಷ್ಟು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಚೀಲಕ್ಕೆ ಹಾಕಿದ್ದ.

ಅಡುಗೆಮನೆಯಲ್ಲಿ ಅತ್ತಿಗೆ ಬೆಳ್ಳುಳ್ಳಿ ಜಜ್ಜಲು ಶುರು ಮಾಡಿದಳು. ಹಿತ್ತಲಿನಲ್ಲಿ ತಟ್ಟೆಯ ಕೆಳಗಿನಿಂದ ಗುಳುಕ್ ಎಂದು ಸದ್ದು ಬಂತು. ಮೀನು ಉಸಿರಿಗೆ ಮೇಲೆ ಬಂದಿತ್ತು. ಹೊರಗೆ ಇನ್ನೂ ಚೆನ್ನಾಗಿ ಬೆಳಕಿತ್ತು. ಭಾನುವಾರ ರಸ್ತೆ ಖಾಲಿ, ಬೈಕಿನಲ್ಲಿ ಹೋದರೆ ಸೊಣ್ಣಪ್ಪ ಬರುವುದರೊಳಗೆ ಕ್ವಾರಿಗೆ ಹೋಗಿ ಬರಬಹುದಿತ್ತು. ಅರ್ಧ ಮರಿಗಳಾದರೂ ಉಳಿದಿರಬಹುದಿತ್ತು.

ಅಣ್ಣ ಕನ್ನಡಿಯ ಮುಂದೆ ನಿಂತು ತಲೆ ಬಾಚುತ್ತಿದ್ದ. ನಾನು ಈ ಮನೆಯಲ್ಲಿ ಕೇಳಿಕೊಂಡದ್ದು ಕಡಿಮೆ. ಸ್ಕೂಲು ನಿಲ್ಲಿಸಿದಾಗಲೂ ಕೇಳಿರಲಿಲ್ಲ. ಅವರಿಬ್ಬರಿಗೂ ಕೇಳಿಸುವಷ್ಟು ಜೋರಾಗಿ ಹೇಳಿದೆ.

"ಅಣ್ಣ, ಅದಿನ್ನೂ ಬದುಕೈತೆ. ಬೈಕ್ ತೆಗಿ, ಬಿಟ್ಟು ಬರೋಣ."

ಅತ್ತಿಗೆಯ ಕೈಯ ಕುಟ್ಟಾಣಿ ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು. ಅಣ್ಣ ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಉದುರಿಸಿ, ಬೈತಲೆ ಸರಿಯಾಗಿದೆಯೇ ಎಂದು ಕನ್ನಡಿಯ ಹತ್ತಿರಕ್ಕೆ ಬಗ್ಗಿದ.

"ಬೈಕ್ ತೆಗಿ ಅಣ್ಣ" ಎಂದೆ.