ಗುಟುರು ಹಾಕುವ ಪೆಟ್ಟಿಗೆ

ಡೆಸ್ಮಂಡ್ ಟ್ರಾಂಟರನಿಗೆ ಗಿಟಾರಿನ ಹುಚ್ಚು ಹದಿನಾಲ್ಕನೇ ವಯಸ್ಸಿನಿಂದಲೂ ಇತ್ತು. ಗುಟುರಿನ ಹುಚ್ಚು ಹಿಡಿದದ್ದು ಮಾತ್ರ ಅರವತ್ತೇಳನೇ ಇಸವಿಯ ಫೆಬ್ರವರಿಯಲ್ಲಿ, ನೆಗಡಿ ಬಂದು ಮೂರು ದಿನ ಕಂಬಳಿ ಹೊದ್ದು ಮಲಗಿದ್ದಾಗ. ರೇಡಿಯೋದಲ್ಲಿ ಷಿಕಾಗೋದ ಯಾರೋ ಮುದುಕ ಗಿಟಾರ್ ನುಡಿಸಿದನಂತೆ. ತಂತಿ ಮೀಟಿದರೆ ಸ್ವರ ಬರುವ ಬದಲು ಗೂಳಿಯ ಗುಟುರು ಬಂತಂತೆ.

ನಾಲ್ಕನೇ ದಿನ ಕಾರ್ಖಾನೆಗೆ ಬಂದವನು ಊಟದ ಹೊತ್ತಿನಲ್ಲಿ ನನ್ನ ಎದುರು ಕೂತ. ಇಂಗ್ಲೆಂಡಿನ ಕ್ರೇಡ್ಲಿ ಹೀತ್‌ನಲ್ಲಿ ಹಡಗಿನ ಲಂಗರಿಗೆ ಸರಪಳಿ ಮಾಡುವ ಕಾರ್ಖಾನೆ ನಮ್ಮದು. ಶನಿವಾರ ಸಂಜೆ ಮಾತ್ರ ನಾವು ಕಲಾವಿದರು: ಕಾರ್ಮಿಕರ ಕ್ಲಬ್ಬಿನಲ್ಲಿ ಅವನದು ಗಿಟಾರ್, ನನ್ನದು ಬಾಸ್ ಗಿಟಾರ್, ನಾರಿಸ್ ಎಂಬ ಮೌನಿಯದು ಡ್ರಮ್ಸ್.

"ಸಿರಿಲ್, ಅದು ಒಡೆದ ದನಿ ಕಣೋ," ಎಂದ ಡೆಸ್. ತಟ್ಟೆಯ ಬಟಾಣಿ ಆರುತ್ತಿತ್ತು. "ಒಡೆದಿರೋದೇ ಅದರ ಚೆಂದ. ಕಾದ ಕಬ್ಬಿಣ ತುಂಡಾಗೋಕೆ ಮುಂಚೆ ಒಂದು ಗಳಿಗೆ ನರಳ್ತೈತಲ್ಲ, ಹಂಗೆ."

"ನಿನಗಿನ್ನೂ ಜ್ವರ ಬಿಟ್ಟಿಲ್ಲ," ಎಂದೆ.

ಆ ಕಾಲಕ್ಕೆ ಆ ದನಿ ಬರಿಸಲು ಕಾಲಲ್ಲಿ ಒತ್ತುವ ಪೆಡಲ್ ಹೊಸದಾಗಿ ಬಂದಿತ್ತು. ಗೆಳೆಯನೊಬ್ಬನಿಂದ ಡೆಸ್ ಒಂದು ಎರವಲು ತಂದ. ಅವನ ಮನೆಯ ನಡುಮನೆಯಲ್ಲಿ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಅದನ್ನು ಸಿಕ್ಕಿಸಿ ಕಾಲಿಟ್ಟು ಒತ್ತಿದ. ತಂತಿ ಮೀಟಿದ ಮರುಗಳಿಗೆಯೇ ಅವನ ತಾಯಿ ವೃತ್ತಪತ್ರಿಕೆಯನ್ನು ಸುರುಳಿ ಸುತ್ತಿ ಹಿಡಿದುಕೊಂಡು ಅಡುಗೆಮನೆಯಿಂದ ಓಡಿ ಬಂದಳು.

"ಎಲ್ಲೈತೋ ಕಣಜದ ಹುಳ? ಕಿಟಕಿ ತೆಗಿ, ಕಿಟಕಿ ತೆಗಿ!"

ಡೆಸ್ ಪೆಡಲನ್ನು ಕಳಚಿ ಪೆಟ್ಟಿಗೆಗೆ ಹಾಕಿದ. "ಕೇಳಿದೆಯಾ? ಇದು ಗುಟುರಲ್ಲ, ಜಾಡಿಗೆ ಬಿದ್ದ ಹುಳ. ಇಲ್ಲಿಂದಾಚೆಗೆ ನನ್ನ ಕಾಲು ನೆಲದ ಮೇಲಿರ್ತೈತೆ, ಪೆಡಲ್ ಮೇಲಲ್ಲ. ಗುಟುರು ಹಾಕೋದಾದ್ರೆ ಆಂಪೇ ಹಾಕಬೇಕು, ತಾನಾಗಿ, ಹೊಟ್ಟೆಯಿಂದ."

ಹಾಗೆಂದು ಶಪಥ ಮಾಡಿ ಅವನು ನೇರ ಪ್ರೋಬರ್ಟರ ಅಂಗಡಿಗೆ ಹೋದ. ನಾನೂ ಹಿಂದೆ ಹೋದೆ. ಆಂಪ್ ಹೊರಲು ಇನ್ನೊಬ್ಬರು ಬೇಕೆಂಬುದು ನನಗೆ ಗೊತ್ತಿತ್ತು.

ಗೆಥಿನ್ ಪ್ರೋಬರ್ಟ್ ವೇಲ್ಸ್ ಕಡೆಯವರು. ಮೊದಲು ಚರ್ಚುಗಳ ಆರ್ಗನ್ ರಿಪೇರಿ ಮಾಡುತ್ತಿದ್ದವರು, ಈಗ ಹಳೆಯ ರೇಡಿಯೋ, ಆಂಪು, ಗಿಟಾರು ಮಾರುತ್ತಿದ್ದರು. ಏನು ಕೇಳಿದರೂ ಮೊದಲು ಕನ್ನಡಕ ಒರೆಸಿಕೊಳ್ಳುವುದು ಅವರ ಪದ್ಧತಿ.

"ನಿಮ್ಮ ಅಂಗಡೀಲಿ ಎಲ್ಲಕ್ಕಿಂತ ದೊಡ್ಡ ಆಂಪ್ ಯಾವುದೈತೆ?" ಎಂದು ಡೆಸ್ ಕೇಳಿದ.

ಪ್ರೋಬರ್ಟ್ ಕನ್ನಡಕ ಒರೆಸಿಕೊಂಡರು. "ದೊಡ್ಡದು ಯಾತಕ್ಕಪ್ಪಾ? ನಿನಗೆ ಒಡಕು ದನಿ ಬೇಕು ಅಂತೀಯ. ಅದಕ್ಕೆ…"

"ದೊಡ್ಡ ಗೂಳಿ, ದೊಡ್ಡ ಗುಟುರು. ಲೆಕ್ಕ ಸರಳವಾಗೈತೆ."

"ಲೆಕ್ಕ ಸರಳವಾಗಿದೆ, ನಿಜ," ಎಂದರು ಪ್ರೋಬರ್ಟ್. "ತಪ್ಪಾಗಿಯೂ ಇದೆ. ಆದರೆ ನಾನು ಹೇಳಿದರೆ ನೀನು ನಂಬಲ್ಲ. ಒಂದು ವಾರ ಇಟ್ಟುಕೊ, ಆಮೇಲೆ ಬಾ."

ಆ ಆಂಪು ಎರಡು ಭಾಗ. ಕೆಳಗೆ ಎಂಟು ಸ್ಪೀಕರುಗಳ ಪೆಟ್ಟಿಗೆ, ನನ್ನ ಗಲ್ಲದವರೆಗೆ ಬರುತ್ತಿತ್ತು. ಅದರ ಮೇಲೆ ದನಿ ಹಿಗ್ಗಿಸುವ ನೂರು ವಾಟಿನ ಯಂತ್ರ, 'ತಲೆ' ಅಂತ ಅದರ ಹೆಸರು. ಕಲ್ಲಿದ್ದಲು ಮಾರುವವನ ಲಾರಿಯಲ್ಲಿ ಹಾಕಿ ತಂದೆವು. ಕ್ಲಬ್ಬಿನ ಮೆಟ್ಟಿಲು ಹತ್ತಿಸುವಷ್ಟರಲ್ಲಿ ನಾರಿಸ್ ಆ ವರ್ಷದ ತನ್ನ ಮೊದಲ ಮಾತನ್ನು ಆಡಿದ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಕ್ಲಬ್ಬಿನ ಮನರಂಜನಾ ಕಾರ್ಯದರ್ಶಿ ಈನಕ್ ಪಾರ್ಜಿಟರ್ ಬಾಗಿಲಲ್ಲೇ ಇದ್ದರು. ಕೋಟಿನ ಎದೆಗೆ ಬಿಲ್ಲೆ, ಕೈಯಲ್ಲಿ ಗಂಟೆ. ಆ ಗಂಟೆ ಹೊಡೆದರೆ ನಾವು ಶುರುಮಾಡಬೇಕು, ಮತ್ತೆ ಹೊಡೆದರೆ ನಿಲ್ಲಿಸಬೇಕು.

"ಏನಯ್ಯಾ ಇದು, ಬೀರುವೇನು? ಯಾರ ಮದುವೆ?"

"ಆಂಪ್ ಸಾರ್," ಎಂದ ಡೆಸ್.

"ಇಲ್ಲಿ ಜನ ಬಿಂಗೋ ಆಡೋಕೆ ಬರ್ತಾರೆ, ನೆನಪಿರಲಿ. ನಿಮ್ಮ ಸಂಗೀತ ಊಟಕ್ಕೆ ಉಪ್ಪಿನಕಾಯಿ ಇದ್ದಂಗೆ."

ಮೊದಲ ಹಾಡಿಗೆ ಡೆಸ್ ಆಂಪಿನ ದನಿಯ ಗುಂಡಿಯನ್ನು ಹತ್ತರಲ್ಲಿ ಎರಡಕ್ಕಿಟ್ಟ. ದನಿ ಚರ್ಚಿನ ಗಂಟೆಯಷ್ಟು ನಿರ್ಮಲವಾಗಿತ್ತು. ಮುಂದಿನ ಮೇಜಿನ ಮುದುಕಿಯರು ಮೆಚ್ಚಿಕೊಂಡರು. ಡೆಸ್‌ನ ಮುಖ ಹುಳ್ಳಗಾಯಿತು. ಮೂರಕ್ಕೇರಿಸಿದ, ಅದೇ ಗಂಟೆ, ಇನ್ನೂ ಹತ್ತಿರದಿಂದ. ನಾಲ್ಕಕ್ಕೆ ಮೇಜಿನ ಮೇಲಿದ್ದ ಬಿಯರ್ ಲೋಟಗಳು ತಾವಾಗಿ ಅಂಚಿನ ಕಡೆ ನಡೆಯತೊಡಗಿದವು. ಆರಕ್ಕೆ ನನ್ನ ಪ್ಯಾಂಟಿನ ಕಾಲುಗಳು ಗಾಳಿಗೆ ಸಿಕ್ಕಂತೆ ಅಲುಗಿದವು. ದನಿ ಆಗಲೂ ಒಡೆದಿರಲಿಲ್ಲ. ಒಡೆಯುತ್ತಿದ್ದದ್ದು ಗೋಡೆಯ ಗಾರೆ.

"ಇನ್ನೊಂಚೂರು!" ಎಂದು ಡೆಸ್ ನನ್ನತ್ತ ಕೂಗಿ ಎಂಟಕ್ಕೆ ತಿರುಗಿಸಿದ.

ಆಗ ಬಂತು ಗುಟುರು. ನಿಜ ಹೇಳಬೇಕೆಂದರೆ ಅದ್ಭುತವಾಗಿತ್ತು. ಮೂರೋ ನಾಲ್ಕೋ ಸೆಕೆಂಡು. ಅಷ್ಟರಲ್ಲಿ ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿದ್ದ, ಅಂಕಿ ಬರೆದ ಬಿಂಗೋ ಚೆಂಡುಗಳು ಯಾರೂ ಮುಟ್ಟದೆಯೇ ಕುಣಿದಾಡಿ ಒಂದೊಂದಾಗಿ ಹೊರಗೆ ಹಾರಿದವು. ಅವುಗಳನ್ನೇ ನೋಡಿಕೊಂಡು ತನ್ನ ಚೀಟಿಯ ಅಂಕಿಗಳನ್ನು ಹೊಡೆದುಹಾಕುತ್ತಿದ್ದ ಮುದುಕಿಯೊಬ್ಬಳು ಎದ್ದು ನಿಂತು "ನಂದಾಯ್ತು!" ಎಂದು ಕೂಗಿದಳು. ಇನ್ನೊಬ್ಬಳು ಅದು ಮೋಸವೆಂದಳು. ಗಂಟೆ ಬಡಿಯುತ್ತಿದ್ದ ಪಾರ್ಜಿಟರ್ ತಮ್ಮ ಗಂಟೆ ತಮಗೇ ಕೇಳಿಸದೆ ನಾಲಗೆ ಬಿದ್ದುಹೋಗಿದೆಯೇನೋ ಎಂದು ಅದರೊಳಗೆ ಇಣುಕಿ ನೋಡಿದರು.

ಆಮೇಲೆ ನಮ್ಮನ್ನು ಹಿಂದಿನ ಕೋಣೆಗೆ ಕರೆದರು. ಅವರ ಭುಜದ ಮೇಲೆ ಸುಣ್ಣ ಬಿದ್ದಿತ್ತು.

"ಮುಂದಿನ ಶನಿವಾರ ಒಂದು ಅವಕಾಶ ಕೊಡ್ತೀನಿ, ಒಂದೇ. ಮುಂದಿನ ಮೇಜಿನೋರು ಕಿರುಚದೆ ಬಿಯರ್ ಹೇಳೋಕಾಗಬೇಕು. ಇಲ್ಲಾಂದ್ರೆ ಟಿಪ್ಟನ್‌ನಲ್ಲಿ ಒಬ್ಬ ಇದಾನೆ, ಅವನ ನಾಯಿ ಹಾಡ್ತದೆ. ಅದಕ್ಕೆ ಕರೆಂಟೂ ಬೇಡ."

ಸೋಮವಾರ ಕೆಲಸ ಮುಗಿದ ಮೇಲೆ ಆಂಪನ್ನು ಪ್ರೋಬರ್ಟರ ಅಂಗಡಿಗೆ ವಾಪಸು ಹೊತ್ತೊಯ್ದೆವು. ಈ ಸಲ ಡೆಸ್‌ನ ಸೋದರತ್ತೆ ವಿನ್ನಿಯೂ ಜೊತೆಗೆ ಬಂದಳು. ಅವಳನ್ನು ಯಾರೂ ಕರೆದಿರಲಿಲ್ಲ; ವಿನ್ನಿ ಅತ್ತೆಯನ್ನು ಕರೆಯಬೇಕಾಗಿರಲೂ ಇಲ್ಲ. ಯುದ್ಧದ ಕಾಲದಲ್ಲಿ ಪಬ್ಬುಗಳಲ್ಲಿ ಅಕಾರ್ಡಿಯನ್ ನುಡಿಸಿ ಮನೆ ನಡೆಸಿದವಳು. ಅರವತ್ತೆರಡು ವರ್ಷ, ಬಾಯಲ್ಲಿ ಸದಾ ಪೆಪ್ಪರ್‌ಮಿಂಟು.

"ಎಂಟಕ್ಕೆ ಬಂತು ಅಲ್ವಾ?" ಎಂದು ಪ್ರೋಬರ್ಟ್ ನಗದೆ ಕೇಳಿದರು.

"ಎಂಟಕ್ಕೆ," ಎಂದ ಡೆಸ್ ನೆಲ ನೋಡುತ್ತ.

"ಈಗ ಕೇಳು. ಪೈಲ್ವಾನನ ತಲೆ ಮೇಲೆ ಒಂದು ಬುಟ್ಟಿ ಇಟ್ಟರೆ ಅವನು ನರಳ್ತಾನಾ? ಹಾಡು ಹೇಳ್ಕೊಂಡು ಹೋಗ್ತಾನೆ. ಅದೇ ಬುಟ್ಟೀನ ನನ್ನಂಥ ಸಣಕಲನ ತಲೆ ಮೇಲಿಡು. ಎರಡು ಹೆಜ್ಜೆಗೆ ಉಸ್ಸಪ್ಪಾ ಅಂತೀನಿ. ಆಂಪಿನೊಳಗೆ ದನಿ ಹಿಗ್ಗಿಸೋ ಗಾಜಿನ ವಾಲ್ವ್‌ಗಳೂ ಹಂಗೇ. ತಮ್ಮ ಶಕ್ತಿ ಮೀರಿ ದುಡಿದಾಗಲೇ ನರಳೋದು. ನಿನಗೆ ಬೇಕಾಗಿರೋದು ಆ ನರಳಾಟ."

"ಅಂದ್ರೆ ಚಿಕ್ಕ ಆಂಪ್," ಎಂದೆ ನಾನು.

"ಚಿಕ್ಕದು, ಗುಂಡಿ ಪೂರ್ತಿ ತಿರುಗಿಸಿದ್ದು."

ಡೆಸ್‌ಗೆ ಈ ಮಾತು ಮುಖಕ್ಕೆ ಹೊಡೆದಂತಾಯಿತು. ಪ್ರೋಬರ್ಟ್ ಮೂರು ಪುಟ್ಟ ಆಂಪುಗಳನ್ನು ತಂದು ಮೇಜಿನ ಮೇಲಿಟ್ಟಾಗಲಂತೂ ಅಳುವವನಂತಾದ. "ಇವು ಬ್ರೆಡ್ ಇಡೋ ಡಬ್ಬಿಗಳು. ಇದನ್ನಿಟ್ಟುಕೊಂಡು ವೇದಿಕೆ ಹತ್ತಿದ್ರೆ ಜನ ಜಾಮ್ ಕೇಳ್ತಾರೆ."

"ಬಾಯಿ ಮುಚ್ಚು, ಕೈ ಆಡಿಸು," ಎಂದಳು ವಿನ್ನಿ ಅತ್ತೆ. ಕುರ್ಚಿ ಎಳೆದುಕೊಂಡು ಕೂತಳು, ಕಣ್ಣು ಮುಚ್ಚಿದಳು.

ಮೊದಲನೆಯದು ವಾಲ್ವಿಲ್ಲದ ಹೊಸ ಬಗೆ, ಟ್ರಾನ್ಸಿಸ್ಟರಿನದು. ಒಂದು ಮಟ್ಟದವರೆಗೆ ಸಭ್ಯವಾಗಿತ್ತು. ಆಮೇಲೆ ಹಠಾತ್ತನೆ ದನಿ ಕತ್ತರಿಸಿಕೊಂಡು ಬಿದ್ದಿತು.

"ಬಚ್ಚಲ ತೂಬು," ಎಂದಳು ಅತ್ತೆ ಕಣ್ಣು ತೆರೆಯದೆ. "ಮುಂದಿನದು."

ಎರಡನೆಯದಕ್ಕೆ ವಾಲ್ವುಗಳಿದ್ದವು. ಮೊದಲ ಮೀಟಿಗೇ ಗುರ್ ಎಂದಿತು. ಡೆಸ್‌ನ ಕಣ್ಣರಳಿತು. "ಇದೇ ಅತ್ತೆ! ಇದೇ!"

"ಮೆಲ್ಲಗೆ ನುಡಿಸು ನೋಡಾಣ."

ಮೆಲ್ಲಗೆ ನುಡಿಸಿದ. ಆಗಲೂ ಗುರ್ ಎಂದಿತು.

"ಇನ್ನೂ ಮೆಲ್ಲಗೆ. ಮಗು ಮಲಗಿಸೋ ಹಂಗೆ."

ಗುರ್.

"ಬೇಡ," ಎಂದಳು. "ಇದು ನಿಮ್ಮ ಮಾವನ ಹಂಗೆ. ಟೀ ಕೊಟ್ರೂ ಬಯ್ಯೋದು, ಕೊಡದಿದ್ರೂ ಬಯ್ಯೋದು. ಮೂವತ್ತು ವರ್ಷ ಒಂದರ ಜೊತೆ ಬಾಳಿದೀನಿ, ಸಾಕು. ಮುಂದಿನದು."

ಮೂರನೆಯದು ನೋಡಲು ಎಲ್ಲಕ್ಕಿಂತ ಕಡೆ. ಹದಿನೈದು ವಾಟು, ಒಂದೇ ಸ್ಪೀಕರು, ಮುಂಭಾಗದ ಬಟ್ಟೆಯ ಮೇಲೆ ಟೀ ಕಲೆ. ಕಡಲತೀರದ ಯಾವುದೋ ವಸತಿಗೃಹದ ನೃತ್ಯಶಾಲೆಯಿಂದ ಬಂದದ್ದು. ಸ್ಪೀಕರಿನ ಹರಿದ ಕಾಗದಕ್ಕೆ ಪ್ರೋಬರ್ಟ್ ತಾವೇ ತೇಪೆ ಹಾಕಿದ್ದರು. ಗುಂಡಿಯನ್ನು ಪೂರ್ತಿ ತಿರುಗಿಸಿದರು.

ಡೆಸ್ ತಂತಿಯನ್ನು ಜೋರಾಗಿ ಹೊಡೆದ. ಗುಟುರು ಎದ್ದಿತು, ದಪ್ಪಗೆ, ಬಿಸಿಯಾಗಿ; ಅಂಗಡಿಯ ಗಾಜು ಮಾತ್ರ ಅಲುಗಲಿಲ್ಲ.

"ಈಗ ಆಂಪ್ ಮುಟ್ಟಬೇಡ," ಎಂದಳು ಅತ್ತೆ. "ಗಿಟಾರಿನ ಗುಂಡೀನೇ ಅರ್ಧಕ್ಕಿಳಿಸು, ಮೆಲ್ಲಗೆ ಸವರು."

ಡೆಸ್ ಸವರಿದ. ಗುಟುರು ಹಾಕುತ್ತಿದ್ದ ಅದೇ ಪೆಟ್ಟಿಗೆ ಪಿಸುಗುಟ್ಟಿತು, ತಿಳಿನೀರಿನಂತೆ. ಬೆರಳು ಸ್ವಲ್ಪ ಒತ್ತಿದ. ಸ್ವರದ ಅಂಚು ಸ್ವಲ್ಪ ಸುಟ್ಟಿತು. ಇನ್ನೂ ಒತ್ತಿದ, ಹೊತ್ತಿಕೊಂಡಿತು. ಬಿಟ್ಟ, ಆರಿತು. ಹಾಗೆಯೇ ನುಡಿಸುತ್ತ ಹೋದ. ಕತ್ತಲಲ್ಲಿ ತಡಕುತ್ತಿದ್ದವನಿಗೆ ಸ್ವಿಚ್ಚು ಕೈಗೆ ಸಿಕ್ಕಿತ್ತು.

ಅತ್ತೆ ಕಣ್ಣು ತೆರೆದಳು. "ಪಿಸುಗುಟ್ಟಿದ್ರೆ ಪಿಸುಗುಡಬೇಕು, ಹೊಡೆದ್ರೆ ಬಯ್ಯಬೇಕು. ಅಂಥದ್ದು ಗಂಡಾಗಿಯೂ ಸಿಗಲ್ಲ, ಆಂಪಾಗಿಯೂ ಸಿಗಲ್ಲ. ಸಿಕ್ಕಾಗ ಮನೆಗೆ ಕರ್ಕೊಂಡು ಹೋಗ್ಬೇಕು."

ಪ್ರೋಬರ್ಟ್ ಕನ್ನಡಕ ಒರೆಸಿಕೊಂಡರು. ಈ ಸಲ ಅದು ನಿಜವಾಗಿ ಮಂಜಾಗಿತ್ತೇನೋ.

ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಡೆಸ್‌ಗೆ ಕಿವಿ ಒಪ್ಪಿದರೂ ಮಾನ ಒಪ್ಪಲಿಲ್ಲ. ಕಳೆದ ವಾರ ಬೀರುವಿನ ಮುಂದೆ ನಿಂತವನು ಈ ವಾರ ಡಬ್ಬಿಯ ಮುಂದೆ ನಿಲ್ಲುವುದು ಹೇಗೆ? ಅಂಗಡಿಯ ಹಿತ್ತಲಲ್ಲಿ ಸ್ಪೀಕರ್ ಕಿತ್ತ ದೊಡ್ಡ ಪೆಟ್ಟಿಗೆಯೊಂದು ಬಿದ್ದಿತ್ತು. ಹೊರಗಿನಿಂದ ನೋಡಲು ನಮ್ಮ ಹಳೆಯದರ ಅವಳಿಯಂತಿತ್ತು, ಒಳಗೆ ಇಲಿಗಳಿದ್ದವು. ಪ್ರೋಬರ್ಟ್ ಅದನ್ನು ಸುಮ್ಮನೆ ಕೊಟ್ಟರು. ಡೆಸ್ ಇಲಿಗಳನ್ನು ಓಡಿಸಿ, ಅದಕ್ಕೊಂದು ವೈರು, ಒಂದು ಕೆಂಪು ದೀಪ ಸಿಕ್ಕಿಸಿದ. ನಿಜವಾದ ಆಂಪು ಅದರ ಬೆನ್ನ ಹಿಂದೆ, ಪರದೆಯ ಮರೆಯಲ್ಲಿ, ತನ್ನದೇ ಬೇರೆ ವೈರಿನಲ್ಲಿ.

ಶನಿವಾರ ಸಂಜೆ ಏಳಕ್ಕೆ ಕ್ಲಬ್ ತುಂಬಿತ್ತು. ಪಾರ್ಜಿಟರ್ ಒಳಗೆ ಬಂದು, ವೇದಿಕೆಯ ಮೇಲಿನ ಬೀರುವನ್ನು ಕಂಡು, ಅದರ ಕೆಂಪು ಕಣ್ಣನ್ನು ಕಂಡು, ನಿಂತಲ್ಲೇ ನಿಂತರು.

"ಟ್ರಾಂಟರ್! ನಾನು ಏನು ಹೇಳಿದ್ದೆ?"

"ಇದು ಬೇರೆ ಸಾರ್."

"ನನಗೆ ಕಣ್ಣಿಲ್ವಾ? ಅದೇ ಬೀರು, ಅದೇ ಮುಖ!"

ನಿಜ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಡೆಸ್ ಕೆಂಪಾಗಿ ಗಿಟಾರ್ ಎತ್ತಿಕೊಂಡ. ನಾರಿಸ್‌ಗೆ ಸನ್ನೆ ಮಾಡಿದ; ನಾರಿಸ್ ಕೋಲು ತಟ್ಟಿದ; ನಾವು ಶುರು ಮಾಡಿಬಿಟ್ಟೆವು. ಗುಟುರು ಎದ್ದು ಹಾಲಿನ ತುಂಬ ಹರಿಯಿತು. ಲೋಟಗಳು ಇದ್ದಲ್ಲೇ ಇದ್ದವು. ಮುಂದಿನ ಮೇಜಿನ ಮುದುಕಿ "ಎರಡು ಸ್ಟೌಟ್ ಬಿಯರು, ಒಂದು ಪೊಟ್ಟಣ ಹಂದಿಚರ್ಮದ ಕುರುಕಲು" ಎಂದದ್ದು ನನಗೇ ಸ್ಪಷ್ಟವಾಗಿ ಕೇಳಿಸಿತು. ಆದರೆ ಪಾರ್ಜಿಟರ್ ಹೋದ ವಾರದ ಭಯದಿಂದ, ನಾವು ಶುರು ಮಾಡಿದ ಗಳಿಗೆಯೇ, ಕಿವಿಗೆ ಎರಡೂ ಕಡೆ ಹತ್ತಿ ತುರುಕಿಕೊಂಡಿದ್ದರು. ಅವರಿಗೆ ಕಾಣುತ್ತಿದ್ದದ್ದು ಬೀರು ಒಂದೇ.

ವೇದಿಕೆ ಹತ್ತಿದರು, ವೈರನ್ನು ಹುಡುಕಿ ಹಿಡಿದರು, ಗೋಡೆಯಿಂದ ಪ್ಲಗ್ಗನ್ನು ಕಿತ್ತು ಬೇಟೆಯಾಡಿದ ಹಾವಿನಂತೆ ಎತ್ತಿ ತೋರಿಸಿದರು. ಕೆಂಪು ದೀಪ ಆರಿತು.

ಗಿಟಾರು ನಿಲ್ಲಲಿಲ್ಲ.

ಪಾರ್ಜಿಟರ್ ಕಿವಿಯ ಹತ್ತಿ ತೆಗೆದರು. ಗುಟುರು ಕೇಳಿಸಿತು. ಕೈಯಲ್ಲಿದ್ದ ಪ್ಲಗ್ಗನ್ನು ನೋಡಿದರು, ಬೀರುವನ್ನು ನೋಡಿದರು, ಡೆಸ್‌ನನ್ನು ನೋಡಿದರು. ಪ್ಲಗ್ಗನ್ನು ಕಿವಿಗಿಟ್ಟುಕೊಂಡು ಕೇಳಿದರು.

"ಇದು... ಇದು ಯಾವುದರಿಂದ ಬರ್ತಾ ಇದೆ?" ಅವರ ದನಿ ಸಣ್ಣಗಾಗಿತ್ತು.

"ಸತ್ತೋರ ಆತ್ಮ ಕಣೋ, ಈನಕ್!" ಎಂದು ಯಾರೋ ಬಾರಿನ ಕಡೆಯಿಂದ ಕೂಗಿದರು. "ಹೋದ ವರ್ಷ ಕ್ಲಬ್ಬಿನಿಂದ ಓಡಿಸಿದೆಯಲ್ಲ, ಆ ಹಾರ್ಮೋನಿಕಾದವನು!"

ಇಡೀ ಹಾಲು ನಕ್ಕಿತು. ವಿನ್ನಿ ಅತ್ತೆ ಕುರ್ಚಿಯಿಂದೆದ್ದು ಸೊಂಟಕ್ಕೆ ಕೈಯಿಟ್ಟಳು. "ಡೆಸ್ಮಂಡ್! ಸಾಕು ಮಾಡು ಕಳ್ಳಾಟ. ಅದನ್ನ ಹೊರಗೆ ತಗೊಂಡು ಬಾ, ಗಾಳಿ ಬೆಳಕು ಕಾಣಲಿ. ಹೊಟ್ಟೆಗೆ ಅನ್ನ ಹಾಕೋದು ಅದು, ಮೆರವಣಿಗೆ ಈ ಖಾಲಿ ಡಬ್ಬಕ್ಕಾ?"

ಡೆಸ್ ನುಡಿಸುವುದನ್ನು ನಿಲ್ಲಿಸಿ ಪರದೆಯ ಹಿಂದೆ ಹೋದ. ಪುಟ್ಟ ಆಂಪನ್ನು ಎರಡು ಕೈಯಲ್ಲಿ, ತೊಟ್ಟಿಲ ಕೂಸನ್ನು ತರುವವನಂತೆ ತಂದ. ಇಡಲು ಜಾಗ ಕಾಣದೆ ಸುತ್ತ ನೋಡಿದ. ನಾನು ಒಂದು ಕುರ್ಚಿ ಎಳೆದುಕೊಟ್ಟೆ.

"ಇಷ್ಟೇನಾ?" ಎಂದರು ಪಾರ್ಜಿಟರ್.

"ಇಷ್ಟೇ ಸಾರ್," ಎಂದ ಡೆಸ್. ಅವನ ಕಿವಿ ಇನ್ನೂ ಕೆಂಪಗಿತ್ತು, ಆದರೆ ತಲೆ ನೆಟ್ಟಗಿತ್ತು.

ಪಾರ್ಜಿಟರ್ ಬಗ್ಗಿ ಆ ಟೀ ಕಲೆಯ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. ನಂಬದವರಂತೆ ಅದರ ಬೆನ್ನ ಹಿಂದೆಯೂ ಇಣುಕಿದರು. ಕಾದ ವಾಲ್ವುಗಳ ಕಿತ್ತಳೆ ಬೆಳಕು ಅವರ ಮುಖದ ಮೇಲೆ ಬಿತ್ತು. "ಏನಾದ್ರೂ ನಿಧಾನದ್ದು ಬರ್ತದಾ ಇದರಲ್ಲಿ?"

ಡೆಸ್ ಗಿಟಾರಿನ ಗುಂಡಿಯನ್ನು ಇಳಿಸಿದ. ನಮ್ಮಮ್ಮಂದಿರ ಕಾಲದ, ಜೋಡಿ ಕುಣಿತದ ಒಂದು ವಾಲ್ಟ್ಜ್ ಎತ್ತಿಕೊಂಡ. ನಾರಿಸ್ ಡ್ರಮ್ಮನ್ನು ಬ್ರಷ್ಷಿನಿಂದ ಸವರಿದ, ನಾನು ಒಂದು ಸ್ವರಕ್ಕೆ ಮೂರೆಣಿಸಿ ಹಿಂಬಾಲಿಸಿದೆ. ದನಿ ತಿಳಿಯಾಗಿತ್ತು. ಸಾಲಿನ ಕೊನೆಗೆ ಬೆರಳು ಒತ್ತಿದಾಗಲೆಲ್ಲ ಮಾತ್ರ, ಹಾಡುವವರ ಗಂಟಲು ಕಟ್ಟಿದಂತೆ, ಸ್ವಲ್ಪ ಒಡೆಯುತ್ತಿತ್ತು. ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಆರು ವರ್ಷದಿಂದ ಅಲ್ಲಿ ನುಡಿಸುತ್ತಿದ್ದೆವು. ಆ ಜನ ನಮ್ಮನ್ನು ಕೇಳಿದ್ದು ಅವತ್ತೇ ಮೊದಲು.

ವಿನ್ನಿ ಅತ್ತೆ ಪೆಪ್ಪರ್‌ಮಿಂಟನ್ನು ಕಾಗದಕ್ಕೆ ಸುತ್ತಿ ಮೇಜಿನ ಮೇಲಿಟ್ಟು ವೇದಿಕೆಯ ಬಳಿ ಬಂದಳು. "ಏನು ಈನಕ್, ಆ ಪ್ಲಗ್ ಹಿಡ್ಕೊಂಡೇ ನಿಂತಿರ್ತೀಯಾ, ಇಲ್ಲಾ ನನ್ನ ಕೈ ಹಿಡೀತೀಯಾ?"

ಪಾರ್ಜಿಟರ್ ಪ್ಲಗ್ಗನ್ನು ಕೆಳಗಿಟ್ಟರು. ಇಬ್ಬರೂ ಮೇಜುಗಳ ನಡುವಿನ ಇಕ್ಕಟ್ಟಿನಲ್ಲಿ ಕುಣಿಯತೊಡಗಿದರು. ಪಾರ್ಜಿಟರರಿಗೆ ಹೆಜ್ಜೆ ಬರುತ್ತಿರಲಿಲ್ಲ. ಅತ್ತೆ ಎಳೆದ ಕಡೆ ಹೋಗುತ್ತಿದ್ದರು. ಇನ್ನಿಬ್ಬರು ಎದ್ದರು, ಆಮೇಲೆ ನಾಲ್ವರು. ಹಾಡು ಮುಗಿಯುವ ಹೊತ್ತಿಗೆ ಡೆಸ್ ನನ್ನ ಕಡೆ ತಿರುಗಿ, ನಿಲ್ಲಿಸಲೇ ಎಂದು ಹುಬ್ಬೇರಿಸಿದ. ನಾನು ಬೇಡವೆಂದು ತಲೆಯಾಡಿಸಿದೆ. ಅವನು ಮತ್ತೆ ಮೊದಲಿನಿಂದ ಹಿಡಿದ.