ಟೀಚರಮ್ಮನ ಮೆಟ್ಟಿಲು, ಮೇಸ್ತ್ರಿಯ ಬದನೆ

ಹೊರಮಾವಿನ ಆ ಬಡಾವಣೆಯ ನಕ್ಷೆಯಲ್ಲಿ ಗುಲ್ಷನ್ ಟೀಚರ ಮನೆಯ ಪೂರ್ವಕ್ಕೆ ಇಪ್ಪತ್ತಡಿ ರಸ್ತೆ ಇತ್ತು. ನೆಲದ ಮೇಲೆ ಇದ್ದದ್ದು ಪಕ್ಕದ ಮನೆಯ ಭಗವಂತರಾಯನ ಬದನೆ ಗಿಡಗಳು, ಒಂದು ನುಗ್ಗೆ ಮರ, ಸುತ್ತ ತಗಡಿನ ಬೇಲಿ.

ಶಿವಾಜಿನಗರದ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತಳಾದ ಗುಲ್ಷನ್‌ಗೆ ಇಲ್ಲಿ ಮನೆ ಕಟ್ಟಿಸಿದ ಮೇಲೆ ಎಂಟು ವರ್ಷ ಆ ಬೇಲಿ ಕಣ್ಣಿಗೇ ಬಿದ್ದಿರಲಿಲ್ಲ. ಮಂಡಿ ನೋವು ಶುರುವಾದ ಮೇಲೆ ಬಿತ್ತು. ಮನೆ ಮುಂದಿನ ಓಣಿಯಲ್ಲಿ ಆಟೋ ನುಗ್ಗುತ್ತಿರಲಿಲ್ಲ. ಬದನೆ ತೋಟ ದಾಟಿದರೆ ಆಚೆಗೇ ದೊಡ್ಡ ರಸ್ತೆ.

"ಭಗವಂತರಾಯರೇ, ಇದು ರೋಡು."

"ರೋಡಂದ್ರೆ ಜನ ಓಡಾಡ್ಬೇಕಲ್ರೀ. ಯಾರಾದ್ರೂ ಓಡಾಡಿದ್ದು ನೋಡೀರೇನು?"

"ಬೇಲಿ ಹಾಕಿದ್ರೆ ಹೆಂಗ್ರೀ ಓಡಾಡ್ತಾರೆ?"

"ಅದನ್ನೇ ನಾನೂ ಹೇಳೋದು" ಎಂದು ಅವನು ಗಿಡಕ್ಕೆ ನೀರು ಬಿಟ್ಟ. ಯಾದಗಿರಿಯಿಂದ ಬಂದ ಗಾರೆ ಮೇಸ್ತ್ರಿ. ಆ ಬೀದಿಯ ಅರ್ಧ ಮನೆಗಳು ಅವನು ಕಟ್ಟಿದವೇ.

ಗುಲ್ಷನ್ ಪಾಲಿಕೆಗೆ ದೂರು ಕೊಟ್ಟಳು. ಏಳು ತಿಂಗಳಿಗೆ ಸರ್ವೇಯರ್ ಲಕ್ಷ್ಮಿಕಾಂತ ಟೇಪು ಹಿಡಿದು ಬಂದ. ತೋಟ ಅಳೆದ, ಬೇಲಿ ದಾಟಿದ, ಗುಲ್ಷನ್ ಮನೆಯ ಹೊರಮೆಟ್ಟಿಲಿನ ಹತ್ತಿರ ಬಂದು ನಿಂತ.

"ರೋಡ್ ಇರೋದು ನಿಜ ಮೇಡಂ. ತೋಟ ಪೂರ್ತಿ ರೋಡಲ್ಲಿದೆ. ನಿಮ್ಮ ಮೆಟ್ಟಿಲೂ ಮೂರಡಿ ರೋಡಲ್ಲಿದೆ. ತೆಗೆಸಿದ್ರೆ ಎರಡೂ ತೆಗೆಸ್ಬೇಕು."

ಮಹಡಿಯಲ್ಲಿ ಬಾಡಿಗೆಯವರಿದ್ದರು. ಅವರಿಗೆ ಇಳಿಯಲು ಬೇರೆ ದಾರಿ ಇರಲಿಲ್ಲ.

"ಈ ಮೆಟ್ಟಿಲು ಕಟ್ಟಿದ್ದು ಯಾರು?" ಎಂದು ಗುಲ್ಷನ್ ಜೋರು ಮಾಡಿದಳು.

"ನಾನೇ ರೀ" ಎಂದ ಭಗವಂತರಾಯ. "ಆ ಕಡೆ ಹೆಂಗೂ ಖಾಲಿ ಅದ, ಮೂರಡಿ ಎಳೀರಿ ಅಂದಿದ್ರಿ. ಎಳದೆ."

ಅಂದದ್ದು ಅವಳಿಗೆ ನೆನಪಾಯಿತು.

"ಮತ್ತೆ ಇಷ್ಟು ದಿನ ಯಾಕ್ರೀ ಬಾಯಿ ಬಿಡ್ಲಿಲ್ಲ?"

"ಬಿಟ್ರೆ ಇಲ್ಲಿ ರೋಡದ ಅಂತ ನಾನೇ ಒಪ್ಪಿದಂಗಾಗ್ತದಲ್ರೀ."

ಲಕ್ಷ್ಮಿಕಾಂತ ಪೆನ್ನು ತೆಗೆದು ಇಬ್ಬರ ಮುಖವನ್ನೂ ನೋಡಿದ. ಗುಲ್ಷನ್ ಅವನಿಗೆ ಚಹಾ ತಂದಳು. ಭಗವಂತರಾಯ ನಾಲ್ಕು ಬದನೆಕಾಯಿ ತಂದ. ಲಕ್ಷ್ಮಿಕಾಂತ ಚಹಾ ಮಾತ್ರ ಕುಡಿದ. ದೂರು ವಾಪಸು ಪಡೆಯುವ ಅರ್ಜಿಯನ್ನು ಮೇಸ್ತ್ರಿ ಹೇಳಿದ, ಟೀಚರು ಬರೆದಳು: ಸದರಿ ಸ್ಥಳದಲ್ಲಿ ರಸ್ತೆಯ ಅವಶ್ಯಕತೆ ಕಂಡುಬಂದಿರುವುದಿಲ್ಲ.

ಮರುವಾರ ಭಗವಂತರಾಯ ಬೇಲಿಯ ಎರಡೂ ಕಡೆ ತಗಡು ಕತ್ತರಿಸಿ ಬಾಗಿಲಿಟ್ಟ, ಬದನೆ ಸಾಲುಗಳ ನಡುವೆ ಹಳೆಯ ಚಪ್ಪಡಿ ಹಾಸಿದ. ಇದು ರೋಡಲ್ಲ ಎಂದು ಮೂರು ಸಲ ಹೇಳಿ ಒಂದು ಕೀಲಿಕೈ ಗುಲ್ಷನ್‌ಗೆ ಕೊಟ್ಟ.

ಶುಕ್ರವಾರ ಡಾಕ್ಟರ ಬಳಿ ಹೋಗಲು ಆಚೆ ಬದಿಗೆ ಆಟೋ ಬಂತು. ಗುಲ್ಷನ್ ದುಪಟ್ಟಾ ಎತ್ತಿಕೊಂಡು ಒಳಗೆ ಕಾಲಿಟ್ಟಳು.

"ಗಿಡ ತುಳೀಬ್ಯಾಡ್ರೀ" ಎಂದಿತು ಭಗವಂತರಾಯನ ಕಿಟಕಿಯಿಂದ ಒಂದು ದನಿ.

"ನೋಡ್ಕೊಂಡೇ ಹೋಗ್ತಿದೀನಿ ರೀ" ಎಂದಳು ಅವಳು. ನೋಡಿಕೊಂಡೇ ಹೋದಳು.